ಅಚಲೆ ಮತ್ತು ರಸೆ

ಭೂಮಿಗೆ ಅಮರಕೋಶವು ಹೇಳುವ ಹೆಸರುಗಳಲ್ಲಿ ಅಚಲಾ, ಸ್ಥಿರಾ ಎಂಬುವು ಎರಡು. ಅವೆರಡರ ನಡುವೆಯೇ ರಸಾ ಎಂಬ ಮತ್ತೊಂದು ಹೆಸರು ಬರುತ್ತದೆ. ಅಲುಗದವಳು, ನಿಂತವಳು ಎಂಬ ಮಾತಿನ ನಡುವೆ ರಸವುಳ್ಳವಳು ಎಂಬ ಮಾತು. ಬಾಲ್ಯದಲ್ಲಿ ಇದನ್ನು ಕಂಠಪಾಠ ಮಾಡಿದವರು ಹೆಸರುಗಳ ಅರ್ಥದ ಗೊಡವೆಗೆ ಹೋಗುವುದಿಲ್ಲ. ಛಂದಸ್ಸು ತುಂಬುವುದಕ್ಕೆ ಅಮರಸಿಂಹ ಜೋಡಿಸಿದ ಪರ್ಯಾಯಗಳೆಂದು ಮುಂದೆ ಸಾಗುತ್ತಾರೆ. ಆದರೆ ಈ ಹೆಸರುಗಳನ್ನು ನಾವು ಮನೆ ಕಟ್ಟಿಕೊಂಡಿರುವ ಬೆಂಗಳೂರಿನ ನೆಲಕ್ಕೆ ಹಚ್ಚಿ ನೋಡಿದರೆ ಎರಡೂ ಪ್ರಶ್ನೆಗಳಾಗಿ ಎದ್ದು ನಿಲ್ಲುತ್ತವೆ. ಈ ನೆಲ ನಿಜವಾಗಿಯೂ ಅಲುಗದ್ದೇ? ಇದರಲ್ಲಿ ರಸವೆಂಬುದು ಎಷ್ಟಿದೆ, ಎಲ್ಲಿದೆ?

ನಾನು ಭೂವಿಜ್ಞಾನ ಓದಿದವನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಶಾಸನ ಓದಲು ಹೋದವನ ಗಮನ ಅಕ್ಷರದಿಂದ ಜಾರಿ, ಅಕ್ಷರ ಹೊತ್ತ ಕಲ್ಲಿನ ಕಡೆಗೆ ಹರಿಯಿತು, ಅಷ್ಟೆ. ನಾನು ವಾಸವಾಗಿರುವ ಶ್ರೀರಾಂಪುರದಿಂದ ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಾಲಯ ನಡೆದು ಹೋಗುವಷ್ಟು ದೂರ. ಅಲ್ಲಿ 1669ರ ಒಂದು ಶಾಸನವಿದೆ. ಶಿವಾಜಿಯ ತಮ್ಮ ಏಕೋಜಿಯ ಕಾಲದ್ದು. ದೇವರಿಗೆ ಗ್ರಾಮವೊಂದನ್ನು ಬಿಟ್ಟುಕೊಟ್ಟುದನ್ನು ಹೇಳುತ್ತದೆ. ಬೆಂಗಳೂರಿನ ಹೆಸರನ್ನೇ ಹೊತ್ತ ಬೇಗೂರಿನ ವೀರಗಲ್ಲು ಇನ್ನೂ ಹಳೆಯದು, ಸುಮಾರು ಕ್ರಿ. ಶ. 900ರದು. ಸಾವಿರದ ನೂರು ವರ್ಷ ಎಂದರೆ ಸಾಹಿತ್ಯದ ವಿದ್ಯಾರ್ಥಿಗೆ ರೋಮಾಂಚನವಾಗುತ್ತದೆ, ಪಂಪನಿಗಿಂತ ಹಿಂದಿನದಲ್ಲವೇ! ಆದರೆ ಬೆಂಗಳೂರಿನ ಸುತ್ತ ಕೈಗೆ ಸಿಗುವ ಬಂಡೆಯ ವಯಸ್ಸನ್ನು ಕೇಳಿದಾಗ ದೊರೆತ ಉತ್ತರ ಮುನ್ನೂರು ಕೋಟಿ ವರ್ಷದ ಆಸುಪಾಸು. ಇಂಥ ಅಂಕಿಯ ಮುಂದೆ ರೋಮಾಂಚನವೂ ಕೆಲಸಕ್ಕೆ ಬಾರದು, ಕುಳಿತು ತಿಳಿದುಕೊಳ್ಳಬೇಕು.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಈ ಶಿಲೆಯನ್ನು ಕಾಣುವುದು ಕಷ್ಟವಲ್ಲ. ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರ ನಿಂತಿರುವ ಬೋಳು ಬಂಡೆ ಅದೇ. ಬಸವನಗುಡಿಯ ಕಹಳೆ ಬಂಡೆ ಅದೇ. ಅದರ ಪಕ್ಕದ ದೊಡ್ಡ ಬಸವಣ್ಣನನ್ನು ಕಡೆದದ್ದು ಅಲ್ಲಿಯ ಕಲ್ಲಿನಿಂದಲೇ. ಗವಿಪುರದ ಗಂಗಾಧರೇಶ್ವರನ ಗವಿಯೂ ಅದರ ಒಂದು ಸಂದು. ಇದಕ್ಕೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ಪೆನಿನ್ಸುಲರ್ ನೈಸ್, ಅಂದರೆ ಪರ್ಯಾಯದ್ವೀಪದ ನೈಸ್ ಶಿಲೆ. ನೈಸ್ ಎಂಬುದು ಜರ್ಮನಿಯ ಗಣಿಗಾರರ ಆಡುಮಾತಿನಿಂದ ವಿಜ್ಞಾನಕ್ಕೆ ಬಂದ ಶಬ್ದ. ನಮ್ಮ ಹಳಗನ್ನಡದಲ್ಲಿ ಬಂಡೆಗೆ ಅಱೆ ಎಂದು ಹೆಸರು; ಹಾಸರೆ ಎಂದಾಗ ಲಾಲ್‌ಬಾಗಿನ ಬಂಡೆಯ ಆಕಾರವೇ ಕಣ್ಣ ಮುಂದೆ ಬರುತ್ತದೆ. ಆದರೂ ಹಾಸರೆ ಹೊರಗಿನ ರೂಪದ ಮಾತು, ನೈಸ್ ಒಳಗಿನ ಕಟ್ಟಡದ ಮಾತು. ಆದಕಾರಣ ನೈಸ್ ಎಂದೇ ಇಟ್ಟುಕೊಳ್ಳೋಣ.

ಆ ಒಳಕಟ್ಟಡವನ್ನು ಬರಿಗಣ್ಣಿನಿಂದ ನೋಡಬಹುದು. ಬಂಡೆಯ ಮೈಯಲ್ಲಿ ಬಿಳಿ ಪಟ್ಟೆ, ಕರಿ ಪಟ್ಟೆ ಒಂದರ ಮಗ್ಗುಲಲ್ಲಿ ಒಂದು ಹರಿದಿರುತ್ತವೆ. ಬಿಳಿಯಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್. ಕರಿಯಲ್ಲಿ ಕಾಗೆಬಂಗಾರದ ಕಪ್ಪು ಜಾತಿ ಮತ್ತು ಹಾರ್ನ್‌ಬ್ಲೆಂಡ್ ಎಂಬ ಖನಿಜ. ಪಟ್ಟೆಗಳು ಒಂದೆಡೆ ನೇರ, ಇನ್ನೊಂದೆಡೆ ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆ. ಕೆಲವೆಡೆ ಮಡಿಕೆಯೇ ಮತ್ತೆ ಮಡಿಸಿದೆ. ಇವೆಲ್ಲವನ್ನೂ ಕತ್ತರಿಸಿಕೊಂಡು ನಸುಗೆಂಪು ಬಣ್ಣದ ಎಳೆಗಳು ಅಡ್ಡಡ್ಡವಾಗಿ ಹೋಗಿವೆ. ಗಟ್ಟಿ ಕಲ್ಲು ಮಡಿಸುವುದಿಲ್ಲ, ಒಡೆಯುತ್ತದೆ. ಮಡಿಸಿದೆಯೆಂದರೆ ಅದು ಮಡಿಸಿಕೊಳ್ಳುವಷ್ಟು ಮೆತ್ತಗಿದ್ದ ಕಾಲವೊಂದಿತ್ತು. ಹಲವಾರು ಮೈಲಿ ಆಳದಲ್ಲಿ, ಕುಲುಮೆಯ ಬಿಸಿಯಲ್ಲಿ, ಮೇಲಿನ ಭಾರಕ್ಕೆ ಸಿಕ್ಕು ಕಣಕದಂತೆ ನಾದಿಸಿಕೊಂಡ ಕಾಲ. ಅಡ್ಡ ಹೋದ ಎಳೆ, ಅದು ಕತ್ತರಿಸಿದ ಪಟ್ಟೆಗಿಂತ ಕಿರಿಯದು. ಕಲ್ಲನ್ನು ಓದುವ ವ್ಯಾಕರಣದ ಮೊದಲ ಸೂತ್ರ ಇದೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಲಾಲ್‌ಬಾಗಿನ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಫಲಕ ನೆಟ್ಟಿದೆ. ಬಂಡೆಯ ಮೇಲೆ ಕುಳಿತು ಕಡಲೆಕಾಯಿ ತಿನ್ನುವವರಲ್ಲಿ ಎಷ್ಟು ಜನ ಅದನ್ನು ಓದಿದ್ದಾರೋ ಕಾಣೆ.

ಈ ಶಿಲೆಯ ಬಗೆಗೆ ನಮ್ಮಲ್ಲಿ ಒಂದು ದೊಡ್ಡ ವಾದವೇ ನಡೆದುಹೋಗಿದೆ. ಮೈಸೂರು ಸರ್ಕಾರ 1894ರಲ್ಲಿ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥನಾಗಿ ಬಂದವನು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ, ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವನೂ ಅವನೇ. ನಮ್ಮ ನಾಡಿನ ಹಸಿರು-ಕಪ್ಪು ಪದರಶಿಲೆಗಳ ಉದ್ದನೆಯ ಪಟ್ಟಿಗಳಿಗೆ ಧಾರವಾಡ ಎಂಬ ಹೆಸರಿಟ್ಟವನು ಈ ಫೂಟ್. ಜಗತ್ತಿನ ಭೂವಿಜ್ಞಾನದ ಗ್ರಂಥಗಳಲ್ಲಿ ಇಂದು ಧಾರವಾಡದ ಹೆಸರು ಕಾಣಿಸುವುದು ಇವನಿಂದ. ಸಾಹಿತ್ಯ ಸಂಗೀತಗಳಿಂದಲ್ಲ ಎಂದರೆ ಧಾರವಾಡದ ಸ್ನೇಹಿತರು ಮುನಿಸಿಕೊಳ್ಳಬಾರದು. ಫೂಟನ ಅಭಿಪ್ರಾಯದಲ್ಲಿ ನೈಸ್ ಶಿಲೆ ಹಳೆಯ ಅಡಿಪಾಯ. ಧಾರವಾಡದ ಪದರಗಳು ಅದರ ಮೇಲೆ ತರುವಾಯ ಕೂತವು. ಅವನ ನಂತರ ಬಂದ ಡಬ್ಲ್ಯು. ಎಫ್. ಸ್ಮೀತ್ ಇದನ್ನು ತಲೆಕೆಳಗು ಮಾಡಿದ. ಧಾರವಾಡದ ಶಿಲೆಗಳೇ ಹಿರಿಯವು; ನೈಸ್ ಕರಗಿದ ರೂಪದಲ್ಲಿ ಕೆಳಗಿನಿಂದ ನುಗ್ಗಿ ಅವುಗಳ ತುಂಡುಗಳನ್ನು ನುಂಗಿತು ಎಂಬುದು ಅವನ ಪಕ್ಷ. ಪೆನಿನ್ಸುಲರ್ ನೈಸ್ ಎಂಬ ಹೆಸರನ್ನು 1916ರಲ್ಲಿ ಸ್ಥಿರಪಡಿಸಿದವನು ಸ್ಮೀತ್.

ಇಬ್ಬರೂ ಸುಳ್ಳು ಹೇಳುವವರಲ್ಲ. ಇಬ್ಬರೂ ಬಂಡೆಯನ್ನು ಕಂಡೇ ಮಾತನಾಡಿದವರು. ಚಿಕ್ಕಮಗಳೂರಿನ ಬಾಬಾಬುಡನ್ ಬೆಟ್ಟಗಳ ಬುಡಕ್ಕೆ ಹೋದರೆ ನೈಸ್ ಶಿಲೆಯ ಮೇಲೆ, ನದಿಯ ನೀರು ಉರುಳಿಸಿ ನುಣುಪು ಮಾಡಿದ ಬೆಣಚಿನ ಉಂಡೆಗಳ ಪದರವೊಂದು ಗಟ್ಟಿಗೊಂಡು ಕೂತಿದೆ. ನೈಸ್ ಅಷ್ಟು ಹೊತ್ತಿಗಾಗಲೇ ತಣ್ಣಗಾಗಿ, ಮೇಲಕ್ಕೆ ಬಂದು, ಬಿಸಿಲುಮಳೆಗೆ ಸವೆದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಲ್ಲಿ ಫೂಟ್ ಗೆದ್ದ. ಮೈಸೂರು ಜಿಲ್ಲೆಯ ಸರಗೂರಿನ ಕಡೆಗೆ ಹೋದರೆ ಪದರಶಿಲೆಯ ತುಣುಕುಗಳು ನೈಸಿನ ಹೊಟ್ಟೆಯೊಳಗೆ ಮುಳುಗಿ ಕುಳಿತಿವೆ. ನುಂಗಿದ್ದಕ್ಕಿಂತ ನುಂಗಿಸಿಕೊಂಡದ್ದು ಹಿರಿಯದೆಂಬುದು ಸ್ಪಷ್ಟ. ಅಲ್ಲಿ ಸ್ಮೀತ್ ಗೆದ್ದ. ತೀರ್ಪು ಬರಲು ಹಲವು ದಶಕಗಳು ಹಿಡಿದವು. ಪದರಶಿಲೆಗಳು ಒಂದೇ ಕಾಲದವಲ್ಲ, ಸರಗೂರಿನವು ಹಿರಿಯವು, ಧಾರವಾಡದವು ಕಿರಿಯವು. ನೈಸ್ ಕೂಡ ಒಂದೇ ಬಾರಿಗೆ ಹುಟ್ಟಿದ್ದಲ್ಲ. ಒಂದೇ ಹೆಸರಿನ ಕೆಳಗೆ ಬಹು ಕಾಲದ ಬಹು ಶಿಲೆಗಳಿದ್ದವು. ಒಬ್ಬ ಕವಿಯ ಹೆಸರಿನಲ್ಲಿ ಮೂರು ಶತಮಾನದ ಪದ್ಯಗಳು ಸೇರಿಕೊಂಡಿರುವ ಹಸ್ತಪ್ರತಿಯನ್ನು ಸಂಪಾದಿಸಿದವರಿಗೆ ಈ ತೊಡಕು ಅಪರಿಚಿತವಲ್ಲ.

ಹಾಗಾದರೆ ಕಾಲವನ್ನು ಬೇರ್ಪಡಿಸಿದ್ದು ಹೇಗೆ? ಇದಕ್ಕೆ ನೆರವಾದವುಗಳಲ್ಲಿ ಮುಖ್ಯವಾದದ್ದು ಜಿರ್ಕಾನ್ ಎಂಬ ಹರಳು. ಮರಳಿನ ಸಣ್ಣ ಕಣದಷ್ಟು ಗಾತ್ರ. ಕರಗಿದ ಶಿಲೆ ಹೆಪ್ಪುಗಟ್ಟುವಾಗ ಹುಟ್ಟುವ ಈ ಹರಳು ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಾಗಿಲಲ್ಲೇ ತಡೆಯುತ್ತದೆ. ಒಳಹೊಕ್ಕ ಯುರೇನಿಯಂ ನಿಯತವಾದ ವೇಗದಲ್ಲಿ ತಾನೇ ಸೀಸವಾಗುತ್ತ ಹೋಗುತ್ತದೆ. ಅದರ ಮುಖ್ಯ ಜಾತಿಯ ಅರ್ಧಭಾಗ ಹಾಗೆ ಮಾರ್ಪಡಲು ಸುಮಾರು 447 ಕೋಟಿ ವರ್ಷ ಬೇಕು. ಆದ್ದರಿಂದ ಹರಳಿನಲ್ಲಿ ಇಂದು ಸಿಗುವ ಸೀಸವೆಲ್ಲ ಅದು ಹುಟ್ಟಿದ ಮೇಲಿನ ಗಳಿಕೆ. ಎರಡನ್ನೂ ಅಳೆದರೆ ವಯಸ್ಸು ದೊರೆಯುತ್ತದೆ. ಇದಕ್ಕಿಂತ ಸೊಗಸಾದದ್ದು ಇನ್ನೊಂದುಂಟು. ಸುತ್ತಲಿನ ಶಿಲೆ ಮತ್ತೆ ಬೆಂದು ಅರೆಬರೆ ಕರಗಿದರೂ ಜಿರ್ಕಾನ್ ಸುಲಭವಾಗಿ ಕರಗದು. ಹಳೆಯ ತಿರುಳನ್ನು ಉಳಿಸಿಕೊಂಡು ಅದರ ಸುತ್ತ ಹೊಸ ಕವಚವನ್ನು ಬೆಳೆಸಿಕೊಳ್ಳುತ್ತದೆ. ತಿರುಳಿಗೆ ಒಂದು ವಯಸ್ಸು, ಕವಚಕ್ಕೆ ಇನ್ನೊಂದು.

ನಮ್ಮ ಭಾಷೆಯಲ್ಲಿ ೞಕಾರ ಮಾಡಿದ ಕೆಲಸವೂ ಇಂಥದೇ. ಏಳು ಎಂಬ ಸಂಖ್ಯೆಯನ್ನು ಒಂದು ಕಾಲದಲ್ಲಿ ೞಕಾರದಿಂದ ಬರೆಯುತ್ತಿದ್ದರು, ಬಾಳು ಎಂಬುದನ್ನೂ ಹಾಗೆಯೇ. 12ನೆಯ ಶತಮಾನದ ಹೊತ್ತಿಗೆ ಬಾಯಿಂದ ಅದು ಜಾರಿಹೋಗಿತ್ತು. ಆದರೆ ಹಳೆಯ ಕಾವ್ಯವನ್ನು ಪ್ರತಿ ಮಾಡಿದ ಲಿಪಿಕಾರನು ತನ್ನ ಕಾಲದ ರೂಪಗಳನ್ನು ಸೇರಿಸುತ್ತ ಹೋದರೂ ಅಲ್ಲೊಂದು ಇಲ್ಲೊಂದು ೞ ಹಾಗೆಯೇ ಉಳಿದುಕೊಂಡಿತು. ಸಂಪಾದಕನು ಅದನ್ನು ಹಿಡಿದು ಮೂಲದ ಕಾಲವನ್ನು ಊಹಿಸುತ್ತಾನೆ. ಬೆಂಗಳೂರಿನ ಬಂಡೆಯೂ ಪ್ರತಿಯಿಂದ ಪ್ರತಿಗೆ ಇಳಿದುಬಂದ ಪಾಠವೇ. ಜಿರ್ಕಾನ್ ಅದರ ೞಕಾರ.

ಹೀಗೆ ಓದಿದಾಗ ದೊರೆತ ಕಥೆಯನ್ನು ಸ್ಥೂಲವಾಗಿ ಹೇಳುತ್ತೇನೆ. ಕರ್ನಾಟಕದ ಬಹುಭಾಗವನ್ನೂ ಆಂಧ್ರ-ತೆಲಂಗಾಣಗಳ ಭಾಗವನ್ನೂ ಹೊತ್ತ ಈ ಪುರಾತನ ಖಂಡಕ್ಕೆ ಧಾರವಾಡ ಕ್ರೇಟಾನ್ ಎಂದು ಹೆಸರು. ಧಾರವಾಡ ಭೂಪೀಠ ಎನ್ನಬಹುದು. ಅದರ ಪಶ್ಚಿಮ ಭಾಗದಲ್ಲಿ ಹಿರಿಯ ನೈಸ್ ಉಳಿದಿದೆ. ಹಾಸನ ಜಿಲ್ಲೆಯ ಗೊರೂರಿನ ಬಳಿಯ ನೈಸಿಗೆ ಸುಮಾರು 336 ಕೋಟಿ ವರ್ಷ ಎಂದು 1980ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರು ತಮ್ಮ ಊರಿನ ರಸಿಕರನ್ನು ಕುರಿತು ಬರೆದರು. ಅವರು ಕುಳಿತ ಕಲ್ಲಿನ ವಯಸ್ಸು ಗೊತ್ತಿದ್ದರೆ ಇನ್ನೊಂದು ಅಧ್ಯಾಯ ಬರುತ್ತಿತ್ತೇನೋ. ಪೂರ್ವಕ್ಕೆ ಬಂದಂತೆ ಚಿತ್ರ ಬದಲಾಗುತ್ತದೆ. ಚಿತ್ರದುರ್ಗದ ಬಿರುಕುವಲಯವನ್ನು ದಾಟಿ ಬೆಂಗಳೂರಿನ ಕಡೆಗೆ ಬಂದರೆ, ಹಳೆಯ ನೆಲವೇನೋ ಉಂಟು, ಆದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಅದು ಇನ್ನೊಮ್ಮೆ ಬಲವಾಗಿ ಬೆಂದಿದೆ, ಕರಗಿದೆ, ಹೊಸ ಶಿಲೆಯನ್ನು ಒಳಗೆ ಬಿಟ್ಟುಕೊಂಡಿದೆ. ಆ ಹೊಸ ಶಿಲೆಯ ದೊಡ್ಡ ಗೋಡೆಯನ್ನು ಮೈಸೂರಿಗೆ ಹೋಗುವವರೆಲ್ಲ ರಾಮನಗರದ ಬೆಟ್ಟಗಳಲ್ಲಿ ನೋಡಿದ್ದಾರೆ. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿದ ಈ ಗ್ರಾನೈಟ್ ಪಟ್ಟಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಊರಿಗೆ ಕ್ಲೋಸ್‌ಪೇಟೆ ಎಂದಾಗಿತ್ತು. ಊರು ಆ ಹೆಸರನ್ನು ಬಿಟ್ಟು ರಾಮನಗರವಾದರೂ ಕಲ್ಲು ಬಿಡಲಿಲ್ಲ. ಇದೂ ಒಂದು ಬಗೆಯ ೞಕಾರವೇ.

ಈ ಮರುಪಾಕವು ನಡೆಯುತ್ತಿದ್ದಾಗಲೇ ಅರ್ಧಕ್ಕೆ ನಿಂತುಹೋದದ್ದನ್ನು ನೋಡಬೇಕೆಂದಿದ್ದರೆ ಕನಕಪುರದ ಕಡೆಯ ಕಬ್ಬಾಳದುರ್ಗಕ್ಕೆ ಹೋಗಬೇಕು. ಇತಿಹಾಸದಲ್ಲಿ ಅದು ಸೆರೆಯ ಬೆಟ್ಟ; ಹೈದರ್, ಟಿಪ್ಪುಗಳ ಕಾಲದಲ್ಲಿ ಅಲ್ಲಿಗೆ ಕಳಿಸುವುದೆಂದರೆ ಶಿಕ್ಷೆ. ಭೂವಿಜ್ಞಾನದಲ್ಲಿ ಅದು ಪುಣ್ಯಕ್ಷೇತ್ರ. ಅದರ ಬುಡದ ಕಲ್ಲುಗಣಿಯಲ್ಲಿ ಬೂದು ಬಣ್ಣದ ನೈಸಿನ ನಡುವೆ, ಬಿರುಕುಗಳ ಗುಂಟ, ಎಣ್ಣೆ ಚೆಲ್ಲಿದಂತೆ ಕಪ್ಪು ಹಸುರಿನ ಮಚ್ಚೆಗಳು ಹರಡಿವೆ. ಆ ಮಚ್ಚೆ ಚಾರ್ನೊಕೈಟ್ ಎಂಬ ಬೇರೆಯೇ ಶಿಲೆ. ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಕಲ್ಕತ್ತೆಯ ಸೇಂಟ್ ಜಾನ್ ಚರ್ಚಿನಲ್ಲಿ ಜಾಬ್ ಚಾರ್ನಾಕನ ಗೋರಿಯ ಮೇಲಿನ ಕಲ್ಲನ್ನು ಟಿ. ಎಚ್. ಹಾಲೆಂಡ್ ಎಂಬ ಭೂವಿಜ್ಞಾನಿ ಪರೀಕ್ಷಿಸಿ 1893ರಲ್ಲಿ ಆ ಜಾತಿಯ ಶಿಲೆಗೆ ಗೋರಿಯೊಳಗಿನವನ ಹೆಸರನ್ನೇ ಕೊಟ್ಟ. ಕಲ್ಲು ದಕ್ಷಿಣದ್ದು, ಹೆಸರು ಬಂಗಾಳದಲ್ಲಿ ಸತ್ತ ಇಂಗ್ಲಿಷಿನವನದು. ಇರಲಿ. ನಮ್ಮ ಸಿ. ಎಸ್. ಪಿಚಮುತ್ತು ಅವರು ಕಬ್ಬಾಳದುರ್ಗದ ಮಚ್ಚೆಗಳನ್ನು ಕಂಡು, ಇದು ನೈಸ್ ಚಾರ್ನೊಕೈಟ್ ಆಗುತ್ತಿರುವ ದೃಶ್ಯ ಎಂದು 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಒಂದು ಶಿಲೆ ಇನ್ನೊಂದಾಗುವುದನ್ನು ಕೈಯಿಟ್ಟು ತೋರಿಸಬಹುದಾದ ಸ್ಥಳಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ಮಾರ್ಪಾಡಿನ ಕಾರಣವನ್ನು ಎ. ಎಸ್. ಜನಾರ್ದನ್ ಮತ್ತು ಅವರ ಸಹೋದ್ಯೋಗಿಗಳು 1979ರಲ್ಲಿ ವಿವರಿಸಿದರು. ಆಳದಿಂದ ಬಿರುಕುಗಳಲ್ಲಿ ಏರಿಬಂದ ಇಂಗಾಲದ ಡೈಆಕ್ಸೈಡು ಶಿಲೆಯಲ್ಲಿದ್ದ ನೀರಿನ ಅಂಶವನ್ನು ಹೊರಗಟ್ಟಿತು; ನೀರನ್ನು ತಮ್ಮ ರಚನೆಯಲ್ಲೇ ಕಟ್ಟಿಕೊಂಡಿದ್ದ ಕಪ್ಪು ಅಭ್ರಕ, ಹಾರ್ನ್‌ಬ್ಲೆಂಡುಗಳು ಒಡೆದು ನೀರಿಲ್ಲದ ಖನಿಜಗಳು ಹುಟ್ಟಿದವು. ಇದನ್ನು ಓದಿದಾಗ ನನಗೆ ಅಮರಕೋಶದ ಎರಡು ಹೆಸರುಗಳು ಒಟ್ಟಿಗೆ ನೆನಪಾದವು. ಭೂಚಿಪ್ಪಿನ ಆಳ ಗಟ್ಟಿಯಾದದ್ದು ಬಹುಮಟ್ಟಿಗೆ ಒಣಗಿದ್ದರಿಂದ. ಕರಗಬಲ್ಲದ್ದು ಕರಗಿ ಮೇಲೇರಿತು, ನೀರು ಹೊರಟುಹೋಯಿತು, ಉಳಿದದ್ದು ಮತ್ತೆ ಸುಲಭವಾಗಿ ಕರಗದಾಯಿತು. ಅಚಲೆಯಾಗಬೇಕಾದರೆ ರಸೆಯೆಂಬ ಹೆಸರನ್ನು ಬಿಟ್ಟುಕೊಡಬೇಕು ಎಂದ ಹಾಗಾಯಿತು.

ಹಾಗೆ ಗಟ್ಟಿಯಾದದ್ದು ಎಂದೆಂದಿಗೂ ಗಟ್ಟಿಯೇ ಎಂಬ ಭರವಸೆಯೂ ಇಲ್ಲ. ಇದಕ್ಕೆ ನಿದರ್ಶನ ಬೇಕಾದರೆ ಆಫ್ರಿಕಕ್ಕೆ ಹೋಗಬೇಕು. ಆಫ್ರಿಕ ನಮಗೆ ದೂರದ ನಂಟಲ್ಲ. ಭಾರತ, ಮಡಗಾಸ್ಕರ್, ಆಫ್ರಿಕಗಳು ಗೊಂಡ್ವಾನ ಎಂಬ ಒಂದೇ ಭೂಖಂಡದಲ್ಲಿ ಸೇರಿದ್ದವು. ಕಟ್ಟಕಡೆಗೆ ಮಡಗಾಸ್ಕರ್ ನಮ್ಮಿಂದ ಬಿಡಿಸಿಕೊಂಡ ಕಾಲದ, ಅಂದರೆ ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ ಕಂಬಗಳು ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದಲ್ಲಿ ಇಂದಿಗೂ ನಿಂತಿವೆ. ಪಶ್ಚಿಮ ಧಾರವಾಡದ ಶಿಲೆಗೆ ಸರಿಸಾಟಿಯಾದ ತುಂಡೊಂದನ್ನು ಮಡಗಾಸ್ಕರಿನ ಈಶಾನ್ಯ ಕರಾವಳಿಯಲ್ಲಿ ಗುರುತಿಸಿದ್ದಾರೆ. ಇನ್ನೂ ಆಚೆಗೆ, ಸಹಾರಾ ಮರುಭೂಮಿಯ ಮರಳಿನ ಕೆಳಗೆ, ಪಶ್ಚಿಮದ ಹೊಗ್ಗಾರ್ ಬೆಟ್ಟಗಳಿಂದ ಪೂರ್ವದ ನೈಲ್ ನದಿಯ ಕಡೆಯವರೆಗೆ ಸುಮಾರು 50 ಲಕ್ಷ ಚದರ ಕಿಲೋಮೀಟರ್ ವ್ಯಾಪ್ತಿಯ ಪುರಾತನ ನೆಲವೊಂದಿದೆ. ಈಜಿಪ್ಟ್, ಲಿಬಿಯ, ಸೂಡಾನ್ ಗಡಿಗಳು ಕೂಡುವ ಉವೈನಾತ್ ಬೆಟ್ಟದ ಬಳಿ 250 ಕೋಟಿ ವರ್ಷಕ್ಕಿಂತ ಹಳೆಯ ಶಿಲೆ ಮರಳಿನಿಂದ ತಲೆ ಎತ್ತಿದೆ. ಆದರೆ ನಮ್ಮ ಭೂಪೀಠದಂತೆ ಅದಕ್ಕೆ ನೆಮ್ಮದಿ ದೊರೆಯಲಿಲ್ಲ. ಗೊಂಡ್ವಾನ ಕೂಡುತ್ತಿದ್ದ ಕಾಲದಲ್ಲಿ, ಸುಮಾರು 65ರಿಂದ 55 ಕೋಟಿ ವರ್ಷಗಳ ಹಿಂದೆ, ಸುತ್ತಲಿನ ಖಂಡಗಳು ಬಂದು ಒತ್ತಿದಾಗ ಅದರ ಆಳದ ಬೇರು ಸಡಿಲಿತು. ಬಿರುಕುಗಳಲ್ಲಿ ಗ್ರಾನೈಟ್ ನುಗ್ಗಿತು. ಅಲ್ಲಲ್ಲಿ ಹಳೆಯ ತುಂಡುಗಳು ಮಾತ್ರ ಹಾಗೆಯೇ ಉಳಿದವು. ಕೆಲವರು ಅದನ್ನು ಪ್ರೇತ ಭೂಪೀಠ ಎಂದೇ ಕರೆದಿದ್ದರು. ಕೊನೆಗೆ 2002ರಲ್ಲಿ ಮೂವರು ವಿಜ್ಞಾನಿಗಳು ಸಹಾರಾ ಮೆಟಾಕ್ರೇಟಾನ್ ಎಂಬ ಹೆಸರನ್ನು ಸೂಚಿಸಿದರು. ಭೂಪೀಠವಾಗಿದ್ದು ಕದಡಿಹೋದದ್ದು, ಆದರೂ ಭೂಪೀಠವೆಂದು ಗುರುತಿಸಬಹುದಾದದ್ದು ಎಂದು ಅರ್ಥ. ಪ್ರೇತ ಎಂಬುದಕ್ಕಿಂತ ಇದು ಒಳ್ಳೆಯ ಹೆಸರು. ಸತ್ತಿಲ್ಲದ್ದನ್ನು ಪ್ರೇತ ಎನ್ನಬಾರದು.

ನಮ್ಮ ನೆಲಕ್ಕೂ ಪೂರ್ಣ ವಿಶ್ರಾಂತಿ ಸಿಕ್ಕಿದೆಯೆಂದು ಹೇಳುವಂತಿಲ್ಲ. ಸ್ಥಿರವೆಂದು ಪಾಠಪುಸ್ತಕಗಳು ಸಾರಿದ್ದ ಪರ್ಯಾಯದ್ವೀಪದಲ್ಲೇ, ನಮ್ಮ ಕಲಬುರಗಿ, ಬೀದರಿಗೆ ಸಮೀಪದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಭೂಮಿ ನಡುಗಿ ಸಾವಿರಾರು ಮಂದಿ ಸತ್ತರು. ಮೇಲೆ ದಖನ್ನಿನ ಲಾವಾ ಪದರ, ಅದರ ಕೆಳಗೆ ಇದೇ ಪ್ರಾಚೀನ ನೆಲ.

ಸಹಾರಾದ ಮಾತು ಎತ್ತಿದ್ದಕ್ಕೆ ನನಗೆ ಇನ್ನೊಂದು ಕಾರಣವಿದೆ. ಅಲ್ಲಿ ಕದಡಿದ ಹಳೆಯ ಶಿಲೆಯ ಮೇಲೆ ಬೇರೆ ಬೇರೆ ಯುಗಗಳಲ್ಲಿ ನದಿಗಳೂ ಸಮುದ್ರವೂ ಮರಳನ್ನು ಹಾಸಿದವು. ಅದು ಗಟ್ಟಿಯಾಗಿ ನುಬಿಯದ ಮರಳುಗಲ್ಲು ಎನಿಸಿತು. ಮರಳುಗಲ್ಲಿನ ಕಣಗಳ ನಡುವೆ ಜಾಗವಿದೆ. ಸಹಾರಾ ಹಸಿರಾಗಿದ್ದ ಕಾಲಗಳಲ್ಲಿ ಸುರಿದ ಮಳೆ ಆ ಜಾಗದಲ್ಲಿ ಇಳಿದು ನಿಂತಿತು. ಈಜಿಪ್ಟ್, ಲಿಬಿಯ, ಸೂಡಾನ್, ಚಾಡ್ ದೇಶಗಳ ಕೆಳಗೆ ಸುಮಾರು 20 ಲಕ್ಷ ಚದರ ಕಿಲೋಮೀಟರ್ ಹರಡಿರುವ ಆ ನೀರಿನಲ್ಲಿ ಕೆಲವೆಡೆಯದು ಲಕ್ಷಾಂತರ ವರ್ಷ ಹಳೆಯದು. ಲಿಬಿಯ 1984ರಲ್ಲಿ ದೊಡ್ಡ ಕೊಳವೆಗಳನ್ನು ಹೂಳಲು ಆರಂಭಿಸಿ, ಮರುಭೂಮಿಯ ಕೆಳಗಿನ ಈ ನೀರನ್ನು ಕರಾವಳಿಯ ನಗರಗಳಿಗೆ ಒಯ್ದಿತು. ನಮ್ಮಲ್ಲಿ ವರ್ಷಕ್ಕೆ 900 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಕೆಳಗೆ ಮರಳುಗಲ್ಲಿಲ್ಲ, ನೈಸ್ ಇದೆ. ನೈಸಿನಲ್ಲಿ ಕಣಕಣಗಳ ನಡುವೆ ಜಾಗವೆಂಬುದೇ ಇಲ್ಲ. ಮಳೆಯಿಲ್ಲದ ಮರುಭೂಮಿಯ ಕೆಳಗೆ ಸಾಗರದಂಥ ನೀರು, ಮಳೆ ಬೀಳುವ ನಮ್ಮೂರಿನ ಕೆಳಗೆ ಒಣ ಕಲ್ಲು.

ಹಾಗಾದರೆ ಬೆಂಗಳೂರಿನ ಬಾವಿಗಳಲ್ಲಿ ನೀರು ಇದ್ದದ್ದೆಲ್ಲಿ? ಕಲ್ಲಿನ ಚರ್ಮದಲ್ಲಿ. ಕೋಟ್ಯಂತರ ವರ್ಷಗಳ ಮಳೆ ಬಿಸಿಲುಗಳಿಗೆ ನೈಸಿನ ಮೇಲ್ಭಾಗ ಕೊಳೆತು ಗರಸು, ಜೇಡಿ, ಕೆಮ್ಮಣ್ಣುಗಳಾಗಿದೆ. ಹಳೆಯ ಮನೆಯ ತೆರೆದ ಬಾವಿಯೊಳಗೆ ಇಣುಕಿದವರಿಗೆ ಈ ಪದರಗಳು ಗೊತ್ತು: ಮೇಲೆ ಕೆಮ್ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕಲ್ಲು; ಅದರಲ್ಲಿ ಪಟ್ಟೆಗಳು ಇನ್ನೂ ಕಾಣುತ್ತವೆ; ಅದರ ಅಡಿಯಲ್ಲಿ ಗುದ್ದಲಿ ಠಣ್ಣೆನ್ನುವ ಬಂಡೆ. ಈ ಕೊಳೆತ ಪದರ ಒಂದೆಡೆ ಒಂದು ಆಳು, ಇನ್ನೊಂದೆಡೆ ಹತ್ತು ಆಳು. ನಡುವೆ ಕೊಳೆಯದೆ ಉಳಿದ ದೊಡ್ಡ ದೊಡ್ಡ ಗುಂಡುಗಳು. ನಮ್ಮ ಶ್ರೀರಾಂಪುರದಲ್ಲಿ ತಲೆಯ ಮೇಲೆ ಹಾದುಹೋಗುವ ಮೆಟ್ರೋ ರೈಲು ಸಂಪಿಗೆ ರಸ್ತೆಯನ್ನು ದಾಟಿ ಮೆಜೆಸ್ಟಿಕ್ಕಿಗೆ ಹೋಗುವಾಗ ನೆಲದೊಳಕ್ಕೆ ಇಳಿಯುತ್ತದಷ್ಟೆ. ಚಿಕ್ಕಪೇಟೆಯ ಕೆಳಗೆ ಹಾದುಹೋಗುವ ಆ ಸುರಂಗವನ್ನು ಕೊರೆಯುವಾಗ ಯಂತ್ರದ ಮುಖದ ಒಂದರ್ಧಕ್ಕೆ ಮಣ್ಣು, ಇನ್ನೊಂದರ್ಧಕ್ಕೆ ಕಗ್ಗಲ್ಲು ಎದುರಾಗಿ ಕೆಲಸ ಮತ್ತೆ ಮತ್ತೆ ನಿಂತಿತು. ಆ ಮಾರ್ಗ ತೆರೆದದ್ದು 2017ರ ಜೂನಿನಲ್ಲಿ. ಯಂತ್ರಗಳಿಗೆ ಗೋದಾವರಿ, ಕೃಷ್ಣಾ ಎಂದು ನದಿಗಳ ಹೆಸರನ್ನಿಟ್ಟಿದ್ದರು. ನದಿಗಳಿಗೂ ಈ ಕಲ್ಲನ್ನು ಕೊರೆಯಲು ಅವಸರ ಮಾಡಿ ಆಗುವುದಿಲ್ಲ.

ಕೊಳೆತ ಈ ಚರ್ಮವೇ ಬೆಂಗಳೂರಿನ ರಸ. ಮಳೆ ಬಿದ್ದಾಗ ಅದು ನೀರನ್ನು ಹೀರಿ, ತಗ್ಗಿನ ಕಡೆಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ವೃಷಭಾವತಿ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂಬ ಐತಿಹ್ಯದ ಒಳಗೆ ಇಷ್ಟು ಭೂವಿಜ್ಞಾನವಿದೆ: ಬೋಳು ಬಂಡೆಯ ಮೇಲೆ ಬಿದ್ದ ಮಳೆ ಬಂಡೆಗೆ ಇಳಿಯದೆ ಅದರ ಬುಡದ ಗರಸಿಗೆ ಹರಿದು, ಅಲ್ಲಿಂದ ಒರತೆಯಾಗಿ ಏಳುತ್ತದೆ. ಕಾಡುಮಲ್ಲೇಶ್ವರದ ಎದುರಿನ ನಂದಿತೀರ್ಥದಲ್ಲಿ ನಂದಿಯ ಬಾಯಿಂದ ಲಿಂಗದ ಮೇಲೆ ಬೀಳುವ ನೀರನ್ನೂ ನಾನು ಹೀಗೆಯೇ ನೋಡುತ್ತೇನೆ. ಇದರಿಂದ ಭಕ್ತಿಗೇನೂ ಕುಂದಿಲ್ಲ. ಆಳದಲ್ಲಿ ನೀರು ನಿಲ್ಲದ ನೆಲದ ಮೇಲೆ ಊರು ಕಟ್ಟಿದವರು ನೀರನ್ನು ಮೇಲೆಯೇ ನಿಲ್ಲಿಸಬೇಕಾಯಿತು. ಕೆರೆಗಳು ಹುಟ್ಟಿದ್ದು ಹಾಗೆ. ತಗ್ಗಿಗೆ ಅಡ್ಡಲಾಗಿ ಒಂದು ಏರಿ. ಏರಿಯ ಹಿಂದೆ ನಿಂತ ನೀರು ಗರಸಿನೊಳಕ್ಕೆ ಇಳಿದು ಕೆಳಗಿನ ಬಾವಿಗಳಲ್ಲಿ ಏರುತ್ತದೆ. ಕೆರೆ ಕಟ್ಟಿಸುವುದನ್ನು, ಬಾವಿ ತೋಡಿಸುವುದನ್ನು ಪುಣ್ಯದ ಪಟ್ಟಿಯಲ್ಲಿ ಒಂದರ ಪಕ್ಕ ಒಂದಾಗಿ ಇಟ್ಟವರಿಗೆ ಈ ಸಂಬಂಧ ಚೆನ್ನಾಗಿ ಗೊತ್ತಿತ್ತು.

ಧರ್ಮಾಂಬುಧಿ ಕೆರೆ ಇಂದು ಬಸ್ಸು ನಿಲ್ದಾಣ. ಸಂಪಂಗಿ ಕೆರೆ ಕ್ರೀಡಾಂಗಣ. ನಮಗೆ ಸಮೀಪದ ಜಕ್ಕರಾಯನ ಕೆರೆ ಮೈದಾನ. ಹೀಗೆ ಆದದ್ದಕ್ಕೆ ಒಂದು ಸಮಾಧಾನವೂ ಜೊತೆಯಲ್ಲೇ ಬಂತು: ನೀರು ದೂರದಿಂದ ಬರತೊಡಗಿತ್ತು. 1896ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ನೀರನ್ನು ತಳ್ಳಿ ತರುತ್ತಿದ್ದೇವೆ. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ಕಾವೇರಿ ಮುಟ್ಟದ ಬಡಾವಣೆಗಳು ಕೊಳವೆಬಾವಿಯನ್ನು ನಂಬಿದವು. ಕೊಳವೆಬಾವಿ ನೂರಿನ್ನೂರು ಅಡಿಯ ಕೆಳಗೆ ಗರಸನ್ನು ಬಿಟ್ಟು ಕಗ್ಗಲ್ಲಿನ ಬಿರುಕುಗಳನ್ನು ಹುಡುಕುತ್ತದೆ. ಬಿರುಕುಗಳು ಆಳಕ್ಕೆ ಹೋದಂತೆ ವಿರಳವಾಗುತ್ತವೆ, ಭಾರಕ್ಕೆ ಮುಚ್ಚಿಕೊಳ್ಳುತ್ತವೆ. ಸಾವಿರ ಅಡಿ ದಾಟಿ ಕೊರೆಯುವವನು ಕಬ್ಬಾಳದುರ್ಗದ ಮಚ್ಚೆ ಹೇಳುವ ಒಣ ಲೋಕದ ದಿಕ್ಕಿಗೇ ಹೊರಟವನು. ಅಲ್ಲಿಂದ ನೀರು ಹೊರಟು 250 ಕೋಟಿ ವರ್ಷಗಳಾದವು. 2024ರ ಬೇಸಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಜನ ಕೊಡ ಹಿಡಿದು ಟ್ಯಾಂಕರಿಗೆ ಕಾದರು. ಮೂವತ್ತು ನಲವತ್ತರ ಒಂದು ನಿವೇಶನದ ಮೇಲೆ ನಮ್ಮ ಮಳೆ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್ ನೀರನ್ನು ಸುರಿಯುತ್ತದೆಂಬುದು ಸರಳ ಗುಣಾಕಾರ. ಮಳೆಕೊಯ್ಲನ್ನು ಕಡ್ಡಾಯ ಮಾಡುವ ಕಾನೂನು 2009ರಲ್ಲೇ ಬಂದಿದೆ. ಆದರೆ ಅಂಗಳಕ್ಕೆಲ್ಲ ಸಿಮೆಂಟು ಬಳಿದ ಮೇಲೆ ಗರಸಿಗೆ ಬಾಯಿ ಎಲ್ಲಿಯದು?

ಬಂಡೆಗಳ ಗತಿಯೂ ಇದಕ್ಕಿಂತ ಭಿನ್ನವಲ್ಲ. ಬೆಂಗಳೂರಿನ ಸುತ್ತ ಎಷ್ಟೋ ಅರೆಗಳು ಚಪ್ಪಡಿಯಾಗಿ, ಕಂಬವಾಗಿ, ಜಲ್ಲಿಯಾಗಿ ಊರಿನೊಳಗೆ ಬಂದುಬಿಟ್ಟಿವೆ. ಕಲ್ಲುಕುಟಿಗರು ಬೆಂಕಿ ಹಾಕಿ ಕಾಸಿ ಹಾಳೆ ಬಿಡಿಸಿದಂತೆ ಚಪ್ಪಡಿ ಎಬ್ಬಿಸುತ್ತಿದ್ದ ಕಾಲದಲ್ಲಿ ಬಂಡೆ ಕರಗಲು ತಲೆಮಾರುಗಳು ಬೇಕಾಗುತ್ತಿದ್ದವು. ಸಿಡಿಮದ್ದಿಗೆ ಅಷ್ಟು ತಾಳ್ಮೆ ಇಲ್ಲ. ಮನೆಗೆ ಕಲ್ಲು ಬೇಡವೆಂದು ನಾನು ಹೇಳುತ್ತಿಲ್ಲ. ನಾನಿರುವ ಮನೆಯ ಅಡಿಪಾಯವೂ ಅದೇ ಕಲ್ಲು. ಆದರೆ ಊರಿನೊಳಗೆ ಓದಲು ಉಳಿದಿರುವ ಪುಟಗಳು ಬೆರಳೆಣಿಕೆಯಷ್ಟು ಎಂಬುದನ್ನು ಮರೆಯಬಾರದು. 2025ರಲ್ಲಿ ನಗರದ ಸುರಂಗ ರಸ್ತೆಯ ಯೋಜನೆಯನ್ನು ಕುರಿತು ಎದ್ದ ಚರ್ಚೆಯಲ್ಲಿ ಲಾಲ್‌ಬಾಗಿನ ಬಂಡೆಯ ಹೆಸರು ಪತ್ರಿಕೆಗಳಲ್ಲಿ ಬಂದಾಗ, ಅದಕ್ಕಾಗಿ ದನಿಯೆತ್ತಿದವರಲ್ಲಿ ಭೂವಿಜ್ಞಾನ ಓದದ ಸಾಮಾನ್ಯ ನಾಗರಿಕರೇ ಬಹಳ ಮಂದಿ ಇದ್ದರೆಂಬುದು ನನಗೆ ಸಂತೋಷ ತಂದಿತು. ಗವಿಪುರದಲ್ಲಿ ಕಚೇರಿಯಿರುವ ಭಾರತೀಯ ಭೂವೈಜ್ಞಾನಿಕ ಸಂಘವನ್ನು 1958ರಲ್ಲಿ ಹುಟ್ಟುಹಾಕಿ, 2012ರಲ್ಲಿ ತೀರಿಕೊಳ್ಳುವವರೆಗೂ ಈ ವಿಷಯಗಳನ್ನು ನಮಗೆ ತಿಳಿಸಲು ಶ್ರಮಿಸಿದ ಬಿ. ಪಿ. ರಾಧಾಕೃಷ್ಣ ಅವರು ಇದ್ದಿದ್ದರೆ ಏನು ಹೇಳುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ.

ಲಾಲ್‌ಬಾಗಿಗೆ ಹೋಗುವವರಿಗೆ ಒಂದು ಮಾತು. ಬಿರುಬಿಸಿಲಿನಲ್ಲಿ ಬಂಡೆ ಬರೀ ಬೂದು ಬಣ್ಣವಾಗಿ ಕಾಣುತ್ತದೆ, ಪಟ್ಟೆಗಳು ತಿಳಿಯುವುದಿಲ್ಲ. ಮಳೆ ನಿಂತ ಬೆಳಿಗ್ಗೆ, ಕಲ್ಲಿನ ಮೈ ಇನ್ನೂ ಒದ್ದೆಯಿರುವಾಗ ಹೋಗಬೇಕು. ಆಗ ಕಪ್ಪು ಕಪ್ಪಾಗಿಯೇ, ಬಿಳಿ ಬಿಳಿಯಾಗಿಯೇ ಎದ್ದು ತೋರುತ್ತದೆ. ಮಡಿಕೆಗಳನ್ನು ಬೆರಳಿನಿಂದ ಹಿಂಬಾಲಿಸಬಹುದು, ನಸುಗೆಂಪು ಎಳೆ ಎಲ್ಲಿ ಯಾವುದನ್ನು ಕತ್ತರಿಸಿತೆಂದು ಮಕ್ಕಳಿಗೂ ತೋರಿಸಬಹುದು. ಬಿಸಿಲೇರಿದಂತೆ ಬಂಡೆ ಮೇಲಿನಿಂದ ಒಣಗುತ್ತ ಬರುತ್ತದೆ. ಕಡೆಯವರೆಗೆ ಒದ್ದೆ ಉಳಿಯುವುದು ಬಿರುಕುಗಳಲ್ಲಿ. ಅಲ್ಲಿ ಒಂದೆರಡು ಹುಲ್ಲಿನ ಎಸಳು ಇದ್ದೇ ಇರುತ್ತವೆ.